ಹತ್ತು ತಟ್ಟೆ, ಒಂದು ಬಿಳಿ ಕರವಸ್ತ್ರ

ಜನವರಿಯ ಮೂರನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ವೆಂಕಟಸುಬ್ಬಯ್ಯ ಚಟ್ನಿ ರುಬ್ಬಿದ ಮಿಕ್ಸಿ ಜಾರ್ ತೊಳೆಯುತ್ತಿದ್ದರು. ಬ್ಲೇಡಿನ ಬುಡದಲ್ಲಿ ಕಾಯಿತುರಿ ಕೂತುಬಿಡುತ್ತದೆ. ಅದನ್ನು ತೋರುಬೆರಳಿನಿಂದ ಒಂದು ಸುತ್ತು ಬಳಸಿ ತೆಗೆಯಬೇಕು. ಅವರು ಹಾಗೆಯೇ ತೆಗೆದರು, ಜಾರನ್ನು ಬೋರಲು ಹಾಕಿದರು, ಮುಂದಿನ ಪಾತ್ರೆಗೆ ಕೈ ಚಾಚಿದರು. ನೀರು ಕುಡಿಯಲು ಅಡುಗೆಮನೆಗೆ ಬಂದ ಮೊಮ್ಮಗಳು ಅಮೂಲ್ಯಾ ಸಿಂಕಿನೊಳಗೆ ಇಣುಕಿದಳು.

“ತಾತ, ಇದೇನು ಕೆಂಪಗೆ? ಬೀಟ್‌ರೂಟಾ?”

“ಬೀಟ್‌ರೂಟ್ ಎಲ್ಲೇ ಮಾಡಿದ್ರು ಇವತ್ತು? ಇಡ್ಲಿ ಅಲ್ವಾ ನೀನು ತಿಂದಿದ್ದು?” ಎಂದರು ಅವರು. ಹೇಳಿದ ಮೇಲೆ ತಮ್ಮ ಕೈ ನೋಡಿಕೊಂಡರು. ತೋರುಬೆರಳಿನ ತುದಿ ಅರ್ಧ ಇಂಚಿನಷ್ಟು ಸೀಳಿತ್ತು. ರಕ್ತ ಮಣಿಕಟ್ಟಿನವರೆಗೆ ಇಳಿದಿತ್ತು. ನೋವು ಮಾತ್ರ ಇರಲಿಲ್ಲ.

ಮೂರು ಹೊಲಿಗೆ ಬಿದ್ದವು. ಹೊಲಿಗೆ ಹಾಕಿದ ಡಾಕ್ಟರು ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತೂ ಬೆರಳುಗಳ ತುದಿಗೆ ಒಂದೊಂದಾಗಿ ಹತ್ತಿಯ ಎಳೆ ತಾಗಿಸಿದರು. ಆರು ಬೆರಳುಗಳಿಗೆ ಅದು ಗೊತ್ತೇ ಆಗಲಿಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ನರಗಳನ್ನು ತಿಂದಿದೆ, ಇನ್ನು ಬ್ಲೇಡು, ಚಾಕು, ಬಿಸಿನೀರು ಇವುಗಳಿಂದ ದೂರ ಇರಿ, ಪಾತ್ರೆ ಮುಟ್ಟಲೇಬೇಕಾದರೆ ಗ್ಲೌಸು ಹಾಕಿ ಎಂದರು. ವೆಂಕಟಸುಬ್ಬಯ್ಯ ತಲೆಯಾಡಿಸಿದರು.

ಎಪ್ಪತ್ತೈದು ವರ್ಷದ ಈ ಮನುಷ್ಯ ಬೆರಳ ತುದಿಯಿಂದಲೇ ಸಂಬಳ ಪಡೆದವರು. ನಗರದ ಪೂರ್ವ ಅಂಚಿನ ಒಂದು ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದರು. ಲೇತ್‌ನಿಂದ ಬಂದ ಪ್ರತಿಯೊಂದು ಭಾಗವನ್ನೂ ಅವರ ಮೇಜಿನ ಮೇಲೆ ಅಳೆಯಬೇಕಿತ್ತು. ಅಳತೆಗೆ ಉಪಕರಣಗಳಿದ್ದವು. ಅಂಚಿನಲ್ಲಿ ಉಳಿದ ಕಣ್ಣಿಗೆ ಕಾಣದ ಲೋಹದ ಮುಳ್ಳನ್ನು ಮಾತ್ರ ಅವರು ಬೆರಳು ಸವರಿ ಹೇಳುತ್ತಿದ್ದರು. ಸರಿ ಇದ್ದರೆ ಅವರ ಸಂಖ್ಯೆಯ ಸೀಲು, ಇಲ್ಲದಿದ್ದರೆ ಕೆಂಪು ಬಣ್ಣ. ಅಲ್ಲಿ ಒಂದು ನಿಯಮವಿತ್ತು: ಭಾಗವನ್ನು ಲೇತ್‌ನಲ್ಲಿ ತಯಾರಿಸಿದ ಕೆಲಸಗಾರ, ಅಂದರೆ ಟರ್ನರ್, ಅದನ್ನು ತಾನೇ ಪಾಸ್ ಮಾಡುವಂತಿಲ್ಲ. ಮಾಡುವವನು ಬೇರೆ, ನೋಡುವವನು ಬೇರೆ. ಈ ನಿಯಮವನ್ನು ಅವರು ಊಟದ ಹೊತ್ತಿನಲ್ಲಿ ಎಷ್ಟು ಸಲ ಹೇಳಿದ್ದಾರೆಂದರೆ, ಅಮೂಲ್ಯಾ ತನ್ನ ಶಾಲೆಯ ಉತ್ತರಪತ್ರಿಕೆಗಳಿಗೂ ಅದನ್ನು ಅನ್ವಯಿಸಿ, ಅಮ್ಮ ಅದೇ ಶಾಲೆಯಲ್ಲಿ ಗಣಿತ ಕಲಿಸುವುದರಿಂದ ತನ್ನ ಪೇಪರನ್ನು ತಿದ್ದಬಾರದು ಎಂದು ವಾದಿಸಿದ್ದಳು.

ದೊಡ್ಡನೆಕ್ಕುಂದಿಯ ಈಚೆಗೆ, ಕಾರ್ಖಾನೆ ನೌಕರರ ಸಂಘ ಹಂಚಿದ ಮೂವತ್ತು–ನಲವತ್ತರ ಸೈಟಿನಲ್ಲಿ ಅವರ ಮನೆ. ಕೆಳಗೆ ಅವರು, ಮಗ ಶ್ರೀಕರ್, ಸೊಸೆ ಊರ್ಮಿಳಾ, ಮೊಮ್ಮಗಳು. ಮಹಡಿಯ ಮೇಲೆ ಹರ್ಷವರ್ಧನ್ ಎಂಬ ಸಾಫ್ಟ್‌ವೇರ್ ಕೆಲಸದ ಹುಡುಗ ಮತ್ತು ಅವನ ಹೆಂಡತಿ ಬಾಡಿಗೆಗಿದ್ದಾರೆ.

ಪಾತ್ರೆ ತೊಳೆಯುವ ಕೆಲಸ ವೆಂಕಟಸುಬ್ಬಯ್ಯನವರಿಗೆ ಬಂದದ್ದು ಲಾಕ್‌ಡೌನಿನ ವರ್ಷ. ಕೆಲಸದ ವನಜಾ ಬರುವುದು ನಿಂತಿತು, ಹೆಂಡತಿಗೆ ಗಂಟುನೋವು, ಸೊಸೆಗೆ ದಿನವಿಡೀ ಆನ್‌ಲೈನ್ ಪಾಠ. ಒಂದು ಮಧ್ಯಾಹ್ನ ಅವರು ಯಾರಿಗೂ ಹೇಳದೆ ಸಿಂಕಿನ ಮುಂದೆ ನಿಂತರು. ಮರುವರ್ಷ ಹೆಂಡತಿ ತೀರಿಕೊಂಡರು. ವನಜಾ ಮತ್ತೆ ಬಂದಳು, ಆದರೆ ಕಸ–ನೆಲಕ್ಕೆ ಮಾತ್ರ. ಪಾತ್ರೆಗೆ ಹೊತ್ತಿಲ್ಲ, ಎರಡು ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಹಿಡಿದಿದ್ದೇನೆ ಎಂದಳು. ವೆಂಕಟಸುಬ್ಬಯ್ಯ “ಪರವಾಗಿಲ್ಲಮ್ಮ, ಅದು ನಂದು” ಎಂದುಬಿಟ್ಟರು. ಅಲ್ಲಿಂದ ಐದು ವರ್ಷ ಮನೆಯ ಪಾತ್ರೆಗಳೆಲ್ಲ ಅವರ ಕೈಯಲ್ಲೇ ಹಾದುಹೋದವು. ಬೆಳಿಗ್ಗೆ ಒಂಬತ್ತೂವರೆಗೆ ಒಂದು ಸರದಿ, ಮಧ್ಯಾಹ್ನ ಎರಡಕ್ಕೆ ಒಂದು, ರಾತ್ರಿ ಒಂದು. ಹಾಲಿನ ಪಾತ್ರೆಗೆ ಒಂದು ನಾರು, ಅನ್ನ–ಹುಳಿ ಬೇಯಿಸಿದ ಮುಸುರೆ ಪಾತ್ರೆಗೆ ಒಂದು, ಉಂಡ ತಟ್ಟೆಗೆ ಒಂದು. ತೊಳೆದ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಬೋರಲು ಹಾಕುತ್ತಿದ್ದರು. ದಿನದ ಹೊತ್ತು ಹೀಗೆ ಮೂರು ಭಾಗವಾಗಿತ್ತು. ಆ ಮೂರರ ನಡುವೆ ಪೇಪರು, ನಿದ್ದೆ, ಸಂಜೆಯ ನಡಿಗೆ.

ಬೆರಳು ಸೀಳಿದ ರಾತ್ರಿ ಊರ್ಮಿಳಾ ಗಂಡನಿಗೆ ಹೇಳಿದರು, ಡಿಶ್‌ವಾಶರ್ ತರೋಣ ಎಂದು. ಮಹಡಿಯ ಮೇಲೆ ಹರ್ಷವರ್ಧನ್ ಇಟ್ಟುಕೊಂಡಿರುವುದನ್ನು ಅವರು ನೋಡಿದ್ದರು. ಶ್ರೀಕರ್‌ಗೆ ಒಪ್ಪಿಗೆಯಿತ್ತು, ಆದರೆ ಅಪ್ಪನಿಗೆ ಹೇಳುವುದು ಹೇಗೆಂದು ತೋಚಲಿಲ್ಲ. ವೈಟ್‌ಫೀಲ್ಡಿನ ವಾಹನ ಬಿಡಿಭಾಗಗಳ ಕಂಪನಿಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುವ ಅವರು, ಕೊನೆಗೆ ತಮಗೆ ಗೊತ್ತಿದ್ದ ದಾರಿಯನ್ನೇ ಹಿಡಿದರು.

“ಅಪ್ಪ, ನಲವತ್ತು ಸಾವಿರದೊಳಗೆ ಒಂದು ಒಳ್ಳೆ ಮಿಷಿನ್ ಬೇಕು. ದೊಡ್ಡ ಸೈಜಿಂದೇ. ನನಗೆ ಇದೆಲ್ಲ ತಿಳಿಯಲ್ಲ. ನೀನೇ ಇನ್‌ಸ್ಪೆಕ್ಷನ್ ಮಾಡಿ ಆರಿಸು. ನೀನು ಪಾಸ್ ಮಾಡಿದ್ದನ್ನ ತರೋಣ.”

ವೆಂಕಟಸುಬ್ಬಯ್ಯ ಮಗನ ಮುಖವನ್ನೇ ನೋಡಿದರು. “ಪಾಸ್ ಮಾಡೋವರೆಗೆ?”

“ಅಲ್ಲೀವರೆಗೆ ಮಿಕ್ಸಿ, ಚಾಕು ಊರ್ಮಿಳಾ ನೋಡ್ಕೋತಾಳೆ. ಮಿಕ್ಕಿದ್ದು…”

“ಮಿಕ್ಕಿದ್ದು ನಾನು ತೊಳೀತೀನಿ,” ಎಂದು ಅವರೇ ಮಾತು ಮುಗಿಸಿದರು.

ಮರುದಿನವೇ ಕೆಲಸ ಶುರುವಾಯಿತು. ಅಡುಗೆಮನೆಯಲ್ಲಿ ಹಿಂದೆ ರುಬ್ಬುವ ಕಲ್ಲು ಇದ್ದ ಮೂಲೆಯನ್ನು ಮೇಲೆ, ನಡುವೆ, ನೆಲದ ಹತ್ತಿರ ಹೀಗೆ ಮೂರು ಕಡೆ ಅಳೆದರು. ಒಂದು ಇಡೀ ದಿನದ ಪಾತ್ರೆಗಳನ್ನು ತೊಳೆಯದೆ ಹಾಗೇ ಇಟ್ಟು, ನಡುಮನೆಯ ನೆಲದ ಮೇಲೆ ಪೇಪರು ಹಾಸಿ ಸಾಲಾಗಿ ಜೋಡಿಸಿ ಎಣಿಸಿದರು. ಎಪ್ಪತ್ತೊಂದು. ಶಾಲೆಯಿಂದ ಬಂದ ಊರ್ಮಿಳಾ ಬಾಗಿಲಲ್ಲೇ ನಿಂತರು.

“ಮಾವ, ಇದೇನು, ಮದುವೆ ಮನೆ ಹಿತ್ತಲು ಆಗಿದೆ?”

“ಚಮಚ ಸೇರಿಸಿ ಎಪ್ಪತ್ತೊಂದು. ಇಷ್ಟು ಪಾತ್ರೆ ಮಾಡ್ತೀವಿ ಅಂತ ನಿನಗೆ ಗೊತ್ತಿತ್ತಾ?”

“ನೀವು ತೊಳೀತಿದ್ರಲ್ಲ ಮಾವ, ನಾನ್ಯಾಕೆ ಎಣಿಸ್ಲಿ?”

ಆ ಎಪ್ಪತ್ತೊಂದರಿಂದ ಐದನ್ನು ಅವರು ಬೇರೆ ಎತ್ತಿಟ್ಟರು: ಏಳೂವರೆ ಲೀಟರಿನ ಸ್ಟೀಲ್ ಕುಕ್ಕರಿನ ಮೈ, ಹುಳಿ ಮಾಡುವ ಅಗಲ ಬಾಯಿಯ ಪಾತ್ರೆ, ಹನ್ನೆರಡಿಂಚಿನ ಅಂಚಿನ ತಟ್ಟೆ, ಇಡ್ಲಿ ಸ್ಟ್ಯಾಂಡು, ಉದ್ದ ಹಿಡಿಯ ಸೌಟು. ಕಾರ್ಖಾನೆಯಲ್ಲಿ ರಂಧ್ರ ಸರಿಯಿದೆಯೇ ಎಂದು ನೋಡಲು ಅಳತೆಯ ಉಕ್ಕಿನ ತುಂಡೊಂದನ್ನು ತೂರಿಸಿ ನೋಡುತ್ತಿದ್ದರು. ಅದಕ್ಕೆ ಗೇಜ್ ಎನ್ನುತ್ತಾರೆ. ಈ ಐದೂ ಹಿಡಿಸಿದರೆ ಉಳಿದ ಅರವತ್ತಾರೂ ಹಿಡಿಸುತ್ತವೆ ಎಂಬುದು ಅವರ ಲೆಕ್ಕ. ಐದನ್ನೂ ತರಕಾರಿ ಚೀಲದಲ್ಲಿ ತುಂಬಿ, ಫೆಬ್ರುವರಿಯ ಮೊದಲ ಶನಿವಾರ ಸೊಸೆಯ ಜೊತೆ ಮಾರತ್ತಹಳ್ಳಿಯ ಒಂದು ಅಂಗಡಿಗೆ ಹೋದರು.

ಅಂಗಡಿಯ ಅಂಬರೀಶ್‌ಗೆ ಇಪ್ಪತ್ತೆಂಟು ವರ್ಷವಿರಬಹುದು. ಚೀಲ ನೋಡಿ ನಕ್ಕ. “ಸಾರ್, ಎಕ್ಸ್‌ಚೇಂಜಾ? ಹಳೇ ಪಾತ್ರೆಗೆ ನಮ್ಮಲ್ಲಿ ಆಫರ್ ಇಲ್ಲ ಸಾರ್.”

“ಇದು ಗೇಜು. ಬಾಗಿಲು ತೆಗಿಯಪ್ಪ.”

ಅವನು ಹನ್ನೆರಡು ಸೆಟ್ಟಿನ ಒಂದು ಯಂತ್ರದ ಬಾಗಿಲು ತೆಗೆದ. “ಹನ್ನೆರಡು ಪ್ಲೇಸ್ ಸೆಟ್ಟಿಂಗ್ ಸಾರ್. ಅಂದ್ರೆ ಹನ್ನೆರಡು ಜನ ಊಟ ಮಾಡಿದ್ದು ಹಿಡಿಯುತ್ತೆ.”

“ಏನು ಊಟ ಮಾಡಿದ್ರು ಅವರು?”

“ಸಾರ್?”

“ಅನ್ನ, ಹುಳಿ, ಪಲ್ಯ ಮಾಡಿದ ಪಾತ್ರೆಗಳನ್ನ ಅವರು ಎಲ್ಲಿ ಹಾಕಿದ್ರು ಅಂತ ಕೇಳಿದೆ.”

ಅಂಬರೀಶ್ ಊರ್ಮಿಳಾ ಅವರ ಕಡೆ ನೋಡಿದ. “ಆ ಹನ್ನೆರಡು ಜನ ಹೋಟ್ಲಿಂದ ತರಿಸಿರ್ತಾರೆ ಮಾವ,” ಎಂದರು ಊರ್ಮಿಳಾ.

ಆ ಯಂತ್ರದಲ್ಲಿ ಹನ್ನೆರಡಿಂಚಿನ ತಟ್ಟೆ ನಿಂತಿತು, ಆದರೆ ಪಾತ್ರೆ ಜೋಡಿಸುವ ಮೇಲಿನ ಜಾಲರಿಯ ಅಡಿ ನೀರು ಚಿಮ್ಮಿಸುತ್ತ ತಿರುಗುವ ತೋಳಿಗೆ ಅದರ ಅಂಚು ತಗುಲುತ್ತಿತ್ತು. ವೆಂಕಟಸುಬ್ಬಯ್ಯ ತೋಳನ್ನು ಕೈಯಿಂದ ತಿರುಗಿಸಿ, ಟಕ್ ಎಂದದ್ದನ್ನು ಮೂವರಿಗೂ ಕೇಳಿಸಿದರು. ರಿಜೆಕ್ಟ್. ಮೇಜಿನ ಮೇಲಿಡುವ ಎಂಟು ಸೆಟ್ಟಿನದು ಅಗ್ಗವಿತ್ತು. ಕುಕ್ಕರ್ ಒಂದೇ ಕೂತರೆ ಬೇರೆಯವಕ್ಕೆ ಜಾಗವಿರಲಿಲ್ಲ. ರಿಜೆಕ್ಟ್. ಮುಂದಿನ ಶನಿವಾರ ಇನ್ನೊಂದು ಅಂಗಡಿಯಲ್ಲಿ ಐದೂ ಪಾತ್ರೆ ಹಿಡಿದ ಯಂತ್ರ ಸಿಕ್ಕಿತು, ಬೆಲೆ ಐವತ್ತಾರು ಸಾವಿರ. ಅದರ ಮುಂದಿನ ಶನಿವಾರ ಸಿಕ್ಕ ನಾಲ್ಕನೆಯದಕ್ಕೆ ಬೆಲೆಯೂ ಸರಿ, ಜಾಗವೂ ಸರಿ. ಅವರು ಕೈಪಿಡಿ ಕೇಳಿ ತೆಗೆಸಿ, ನೀರಿನ ಗಡಸುತನದ ಮಿತಿ ಬರೆದ ಪುಟ ಹುಡುಕಿದರು. ಮನೆಯ ಬೋರ್‌ವೆಲ್ ನೀರನ್ನು ಅವರು ಆಗಲೇ ಪಟ್ಟಿ ಅದ್ದಿ ಪರೀಕ್ಷೆ ಮಾಡಿಟ್ಟಿದ್ದರು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಕುಡಿಯಲು, ಅಡುಗೆಗೆ ಸಾಕಾಗುತ್ತದೆ. ಪಾತ್ರೆಗೆ ಬೋರ್ ನೀರೇ. ಅದರ ಗಡಸುತನ ಆ ಯಂತ್ರದ ಮಿತಿಯನ್ನು ದಾಟಿತ್ತು. ನೀರನ್ನು ಮೆದುಗೊಳಿಸಲು ಯಂತ್ರಕ್ಕೆ ಎಷ್ಟು ಉಪ್ಪು ತುಂಬಿದರೂ ಲೋಟಗಳ ಮೇಲೆ ಬಿಳಿ ಪೊರೆ ಕೂರುತ್ತದೆ. ರಿಜೆಕ್ಟ್.

ನಾಲ್ಕು ತಿರಸ್ಕಾರಕ್ಕೂ ಕಾರಣವಿತ್ತು, ಕಾರಣಗಳೆಲ್ಲ ಸರಿಯಿದ್ದವು. ಊರ್ಮಿಳಾ ಒಂದನ್ನೂ ಪ್ರಶ್ನಿಸಲಿಲ್ಲ. ಮನೆಯಲ್ಲಿ ಸಿಂಕಿನ ಮೂರು ಸರದಿ ಎಂದಿನಂತೆ ನಡೆದಿತ್ತು. ಡಾಕ್ಟರು ಹೇಳಿದ ಗ್ಲೌಸನ್ನು ವೆಂಕಟಸುಬ್ಬಯ್ಯ ಒಂದು ದಿನ ಹಾಕಿಕೊಂಡು ನೋಡಿ, ಜಾರುತ್ತದೆ ಎಂದು ಮೊಳೆಗೆ ನೇತುಹಾಕಿದ್ದರು.

ಮಾರ್ಚ್ ಮೊದಲ ವಾರ ಅಂಬರೀಶ್ ತಾನೇ ಫೋನ್ ಮಾಡಿದ. “ಸಾರ್, ಗೇಜ್ ತಗೊಂಡು ಬನ್ನಿ. ಒಂದು ಬಂದಿದೆ.”

ಹದಿಮೂರು ಸೆಟ್ಟಿನ ಯಂತ್ರ, ಮೂವತ್ತೇಳೂವರೆ ಸಾವಿರ. ಹರ್ಷವರ್ಧನ್ ಮನೆಯಲ್ಲಿರುವ ಯಂತ್ರದ ಕಂಪನಿಯದೇ, ಅದೇ ಅಳತೆ, ಎರಡು ವರ್ಷ ಹೊಸದು. ಮೇಲಿನ ಜಾಲರಿಯನ್ನು ಎತ್ತರಿಸಬಹುದಿತ್ತು. ತಟ್ಟೆ ನಿಂತಿತು, ತೋಳು ತಿರುಗಿತು, ಸದ್ದಾಗಲಿಲ್ಲ. ಕುಕ್ಕರ್ ಕೂತಿತು. ಹುಳಿ ಪಾತ್ರೆ ಅದರ ಪಕ್ಕ ಓರೆಯಾಗಿ ಕೂತಿತು. ಇಡ್ಲಿ ಸ್ಟ್ಯಾಂಡಿನ ತಟ್ಟೆಗಳು ಬೇರೆ ಬೇರೆಯಾಗಿ ನಿಂತವು. ಸೌಟಿಗೆ ಮೇಲುಗಡೆ ಮಲಗುವ ಜಾಗವೇ ಇತ್ತು. ಗಡಸುತನದ ಮಿತಿ ಮನೆಯ ನೀರಿಗಿಂತ ಮೇಲಿತ್ತು.

“ಪಾಸಾ ಸಾರ್?” ಅಂಬರೀಶ್ ಬಿಲ್ ಪುಸ್ತಕದ ಕಡೆ ಆಗಲೇ ಅರ್ಧ ತಿರುಗಿದ್ದ.

ವೆಂಕಟಸುಬ್ಬಯ್ಯ ಬಾಗಿಲು ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು. “ಹಾಲಿನ ಪಾತ್ರೆ, ಮುಸುರೆ, ಎಂಜಲು ತಟ್ಟೆ, ಮೂರೂ ಒಂದೇ ನೀರಲ್ಲಿ ಸುತ್ತುತ್ತವಲ್ಲಯ್ಯಾ ಇದರಲ್ಲಿ.”

“ನಮ್ಮನೇಲೂ ಅಜ್ಜಿ ಇದೇ ಅಂತಾರೆ ಸಾರ್. ಮೂರು ಸಲ ಬೇರೆ ಬೇರೆ ಹಾಕ್ಬಿಡಿ.”

“ಮೂರು ಸಲ ಹಾಕಿದ್ರೆ ಕರೆಂಟು, ನೀರು ಮೂರು ಪಟ್ಟು. ಆಗ ಏನು ಉಳೀತು? ಆಗಲ್ಲ.” ಅವರು ಪಾತ್ರೆಗಳನ್ನು ಚೀಲಕ್ಕೆ ತುಂಬಿದರು.

ವಾಪಸು ಬರುವಾಗ ಆಟೋದಲ್ಲಿ ಚೀಲ ಇಬ್ಬರ ನಡುವೆ ಇತ್ತು. ಮೇಲ್ಸೇತುವೆ ದಾಟಿದ ಮೇಲೆ ಊರ್ಮಿಳಾ ಮಾವನ ಕಡೆ ತಿರುಗಿದರು.

“ಮಾವ, ಒಂದು ಕೇಳ್ಲಾ?”

“ಕೇಳಮ್ಮ.”

“ಹಾಲಿನ ಪಾತ್ರೆಗೆ ಬೇರೆ ನಾರು ಅಂತ ಅತ್ತೆ ಯಾವತ್ತು ಇಟ್ಟಿದ್ರು?”

ಅವರು ರಸ್ತೆಯ ಕಡೆ ನೋಡಿದರು.

“ಅತ್ತೆ ಹಾಲಿನ ಪಾತ್ರೆ ಮೊದಲು ತೊಳೀತಿದ್ರು, ಅಷ್ಟೇ. ನಾರು ಒಂದೇ ಇತ್ತು. ಮೂರು ಮಾಡಿದ್ದು ನೀವು. ಇರ್ಲಿ, ಹಾಲಿನ ಪಾತ್ರೆ ದಿನಕ್ಕೆ ಎರಡು, ನಾನು ಕೈಯಲ್ಲೇ ತೊಳ್ಕೋತೀನಿ. ಅದಲ್ಲ ನಾನು ಹೇಳ್ತಿರೋದು.” ಊರ್ಮಿಳಾ ಜಾರುತ್ತಿದ್ದ ಚೀಲವನ್ನು ತಮ್ಮ ಕಡೆ ಎಳೆದುಕೊಂಡರು. “ಟರ್ನರ್ ತನ್ನ ಜಾಬನ್ನ ತಾನೇ ಪಾಸ್ ಮಾಡೋ ಹಾಗಿಲ್ಲ ಅಂತೀರಲ್ಲ. ಅವನು ಪಕ್ಕದ ಟರ್ನರಿನ ಜಾಬನ್ನ ರಿಜೆಕ್ಟ್ ಮಾಡ್ಬಹುದಾ?”

“ಅದು ಹೇಗಾಗುತ್ತೆ? ಅವನೇನು ಇನ್‌ಸ್ಪೆಕ್ಟರಾ?”

“ಮತ್ತೆ ನಮ್ಮನೇಲಿ ಪಾತ್ರೆ ತೊಳೀತಿರೋರು ಯಾರು ಮಾವ? ಒಂದು ತಿಂಗಳಿಂದ ಮಿಷಿನ್ನುಗಳನ್ನ ರಿಜೆಕ್ಟ್ ಮಾಡ್ತಿರೋರು ಯಾರು?”

“ಮೇಡಂ, ಲೆಫ್ಟಾ, ಸ್ಟ್ರೈಟಾ?” ಎಂದು ಆಟೋದವನು ಕೇಳಿದ. ಇಬ್ಬರೂ ಹೇಳದೆ ಇದ್ದುದರಿಂದ ನೇರ ಹೋದ. ಒಂದು ಕ್ರಾಸು ಮುಂದಕ್ಕೆ ಹೋಗಿ ತಿರುಗಿ ಬರಬೇಕಾಯಿತು.

ಎರಡು ದಿನ ವೆಂಕಟಸುಬ್ಬಯ್ಯ ಆ ವಿಷಯ ಎತ್ತಲಿಲ್ಲ. ಸೊಸೆಯ ಮಾತಿಗೆ ಅವರಿಗೆ ಕೋಪ ಬಂದಿರಲಿಲ್ಲ ಎಂದಲ್ಲ. ಆದರೆ ಮಾತಿನಲ್ಲಿ ಲೋಪ ಹುಡುಕಿದಾಗ ಸಿಗಲಿಲ್ಲ, ಲೋಪ ಸಿಗದ್ದನ್ನು ತಿರಸ್ಕರಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಮಂಗಳವಾರ ಬೆಳಿಗ್ಗೆ, ಮೊದಲ ಸರದಿ ಮುಗಿಸಿ, ಪಂಚಾಕ್ಷರಿಗೆ ಫೋನ್ ಮಾಡಿದರು. ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಇನ್‌ಸ್ಪೆಕ್ಟರ್ ಆಗಿದ್ದವರು. ಈಗ ವಿಭೂತಿಪುರದಲ್ಲಿ ಮಗಳ ಮನೆಯಲ್ಲಿದ್ದಾರೆ.

“ಏನಯ್ಯಾ ಸುಬ್ಬಯ್ಯ, ಯಾರಾದ್ರೂ ಹೋದ್ರಾ?” ಎಂದರು ಪಂಚಾಕ್ಷರಿ. ಹಳೆಯ ಸಹೋದ್ಯೋಗಿಗಳ ಫೋನು ಈಗ ಹೆಚ್ಚಾಗಿ ಅದಕ್ಕೇ ಬರುತ್ತಿತ್ತು.

“ಯಾರೂ ಹೋಗಿಲ್ಲ. ಭಾನುವಾರ ಹತ್ತು ತಟ್ಟೆ ಇನ್‌ಸ್ಪೆಕ್ಷನ್ ಇದೆ.”

“ರಿಟೈರಾಗಿ ಹದಿನೇಳು ವರ್ಷ ಆಯ್ತು, ಈಗ ತಟ್ಟೆಗೆ ಬಂದ್ಯಾ! ಭತ್ಯೆ ಏನು?”

“ಬಿಸಿಬೇಳೆಬಾತು.”

“ಹಾಗಾದ್ರೆ ಡ್ಯೂಟಿಗೆ ಹಾಜರ್.”

ವ್ಯವಸ್ಥೆಯನ್ನು ವೆಂಕಟಸುಬ್ಬಯ್ಯನವರೇ ರೂಪಿಸಿದರು. ಹತ್ತು ತಟ್ಟೆ, ಎಲ್ಲದರಲ್ಲೂ ತುಪ್ಪ ಹಾಕಿದ ಬಿಸಿಬೇಳೆಬಾತು. ಐದನ್ನು ಅವರು ಎಂದಿನಂತೆ ತೊಳೆಯುವುದು, ಐದು ಮಹಡಿಯ ಮೇಲೆ ಹರ್ಷವರ್ಧನನ ಯಂತ್ರಕ್ಕೆ. ಯಾವುದು ಎಲ್ಲಿಯದು ಎಂಬುದು ಊರ್ಮಿಳಾ ಅವರಿಗೆ ಮಾತ್ರ ಗೊತ್ತಿರಬೇಕು. ತೊಳೆಯುವವರು ಯಾರೆಂದು ಪಂಚಾಕ್ಷರಿಗೆ ಹೇಳುವಂತಿಲ್ಲ. ತಟ್ಟೆಗಳಿಗೆ ಗುರುತು ಬೇಕಿರಲಿಲ್ಲ. ಪ್ರತಿಯೊಂದರ ಮೇಲೂ ಗೃಹಪ್ರವೇಶಕ್ಕೋ ಮದುವೆಗೋ ಉಡುಗೊರೆ ಕೊಟ್ಟವರ ಹೆಸರು ಕೊರೆದಿತ್ತು. ಊರ್ಮಿಳಾ ಹತ್ತು ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡರು. ವೆಂಕಟಸುಬ್ಬಯ್ಯ ತೊಳೆಯುವಾಗ ಹೆಸರು ಓದಬಾರದೆಂದು ಓದುವ ಕನ್ನಡಕ ತೆಗೆದಿಟ್ಟರು.

ಭಾನುವಾರ ಮನೆಯ ನಾಲ್ವರು, ಮಹಡಿಯ ಇಬ್ಬರು, ಪಂಚಾಕ್ಷರಿ ಕೂತು ಊಟ ಮಾಡಿದರು. ಉಳಿದ ಮೂರು ತಟ್ಟೆಗಳಿಗೆ ಊರ್ಮಿಳಾ ಸೌಟಿನಿಂದ ಸವರಿಟ್ಟರು. ಅರ್ಧ ಗಂಟೆ ಒಣಗಲು ಬಿಟ್ಟರು. ಯಂತ್ರ ತನ್ನ ಐದಕ್ಕೆ ಎರಡು ಗಂಟೆ ಇಪ್ಪತ್ತು ನಿಮಿಷ ತೆಗೆದುಕೊಂಡಿತು, ವೆಂಕಟಸುಬ್ಬಯ್ಯ ಹನ್ನೊಂದು ನಿಮಿಷ. ಪಂಚಾಕ್ಷರಿ ನಡುವೆ ದಿವಾನದ ಮೇಲೆ ಗೊರಕೆ ಹೊಡೆದರು.

ನಾಲ್ಕೂವರೆಗೆ ಊರ್ಮಿಳಾ ಹತ್ತನ್ನೂ ಒರೆಸದೆ ಗಾಳಿಗೆ ಒಣಗಿಸಿ, ಬೆರೆಸಿ ಊಟದ ಮೇಜಿನ ಮೇಲಿಟ್ಟರು. ಪಂಚಾಕ್ಷರಿ ಕುರ್ಚಿಯನ್ನು ಕಿಟಕಿಗೆ ಅಡ್ಡವಾಗಿ ಎಳೆದುಕೊಂಡು, ಜೇಬಿನಿಂದ ಮಡಿಕೆ ಮುರಿಯದ ಬಿಳಿ ಕರವಸ್ತ್ರ ತೆಗೆದರು. ಮೊದಲು ಬೆಳಕಿಗೆ ಓರೆ ಹಿಡಿದು ನೋಡುವುದು, ಆಮೇಲೆ ಬೆರಳು ಸವರುವುದು, ಕೊನೆಗೆ ಅಂಚಿನ ಹಿಂಭಾಗವನ್ನು ಬಟ್ಟೆಯಿಂದ ಒಂದು ಸುತ್ತು ಒರೆಸುವುದು. ಪಾಸಾದದ್ದು ಬಲಕ್ಕೆ, ಆಗದ್ದು ಎಡಕ್ಕೆ. ತಮಾಷೆ ನಿಂತುಹೋಗಿತ್ತು. ಹರ್ಷವರ್ಧನ್ ಮೊಬೈಲು ಒಳಗಿಟ್ಟ.

ಕೊನೆಗೆ ಬಲಕ್ಕೆ ಆರು, ಎಡಕ್ಕೆ ನಾಲ್ಕು.

“ಇದರಲ್ಲಿ ಬೇಳೆ ಒಂದು ಒಣಗಿ ಅಂಟಿದೆ, ನಡುಮಧ್ಯೆ. ಕುರುಡನಿಗೂ ಕಾಣುತ್ತೆ,” ಎಂದು ಪಂಚಾಕ್ಷರಿ ಎಡಗಡೆಯ ಒಂದನ್ನು ಬೇರೆ ಇಟ್ಟರು. “ಮಿಕ್ಕ ಮೂರು ನೋಡೋಕೆ ಕನ್ನಡಿ ಹಾಗಿವೆ. ಆದ್ರೆ ಮೂರರಲ್ಲೂ ಅಂಚಿನ ಹಿಂದೆ ಜಿಡ್ಡು ಉಳಿದಿದೆ, ಒಂದೇ ಜಾಗದಲ್ಲಿ. ಇದು ಒಬ್ಬನೇ ಕೆಲಸಗಾರನ ಕೈ. ಮನಸ್ಸಿಟ್ಟು ಉಜ್ಜಿದ್ದಾನೆ, ಕೈಗೆ ಗೊತ್ತಾಗಿಲ್ಲ.”

ಅಮೂಲ್ಯಾ ಮೇಜಿನ ಕೆಳಗೆ ತನ್ನ ಚಪ್ಪಲಿಯನ್ನು ಕಾಲಿನಿಂದ ಹುಡುಕತೊಡಗಿದಳು.

ವೆಂಕಟಸುಬ್ಬಯ್ಯ ಎದ್ದು ಬಂದು ಒಂದು ತಟ್ಟೆ ಎತ್ತಿಕೊಂಡರು. ಅಂಚಿನ ಹಿಂಭಾಗದಲ್ಲಿ ತೋರುಬೆರಳನ್ನು ನಿಧಾನವಾಗಿ ಒಂದು ಸುತ್ತು ಎಳೆದರು. ಅವರಿಗೆ ಏನೂ ಸಿಗಲಿಲ್ಲ. ಮಧ್ಯದ ಬೆರಳಿನಿಂದ ಎಳೆದರು. “ಕರ್ಚೀಫು ಕೊಡು,” ಎಂದರು. ಬಟ್ಟೆಯಿಂದ ಅದೇ ಜಾಗವನ್ನು ಒರೆಸಿ ಕಿಟಕಿಗೆ ಹಿಡಿದರು. ಬಿಳಿಯ ಮೇಲೆ ಅರಿಸಿನದ ಒಂದು ಗೆರೆ ಮೂಡಿತ್ತು.

“ಕೆಲಸಗಾರ ನಾನೇ ಕಣಯ್ಯಾ,” ಎಂದರು.

ಪಂಚಾಕ್ಷರಿ ಒಮ್ಮೆ ಊರ್ಮಿಳಾ ಅವರ ಕಡೆ, ಒಮ್ಮೆ ತಟ್ಟೆಗಳ ಕಡೆ ನೋಡಿದರು. “ತುಪ್ಪ ಜಾಸ್ತಿ ಆಗಿತ್ತು ಬಿಡು. ಅಷ್ಟು ತುಪ್ಪ ಹಾಕಿದ್ರೆ ಯಾರ ಕೈಗೂ—”

“ರಿಮಾರ್ಕ್ಸ್ ಬದಲಾಯಿಸಬೇಡ.”

ಊರ್ಮಿಳಾ ಚೀಟಿ ತೆಗೆದು ಓದಿದರು: ಜಿಡ್ಡಿನ ಮೂರೂ ಮಾವನವರು ತೊಳೆದವು, ಬೇಳೆ ಅಂಟಿದ್ದು ಯಂತ್ರದ್ದು.

ಕಾಫಿ ಕುಡಿದು ಎಲ್ಲರೂ ಹೋದ ಮೇಲೆ ವೆಂಕಟಸುಬ್ಬಯ್ಯ ಮೇಜಿನ ಮುಂದೆಯೇ ಕೂತಿದ್ದರು. ಊರ್ಮಿಳಾ ತಟ್ಟೆಗಳನ್ನು ಒಳಗಿಡಲು ಬಂದರು.

“ಎಷ್ಟು ದಿನದಿಂದ ಹೀಗಿದೆ?”

ಊರ್ಮಿಳಾ ಎತ್ತಿದ ತಟ್ಟೆಗಳನ್ನು ಮತ್ತೆ ಮೇಜಿನ ಮೇಲಿಟ್ಟರು. “ದಸರಾದಿಂದ, ಮಾವ.”

“ಏನ್ ಮಾಡ್ತಿದ್ದೆ?”

“ಬಡಿಸೋ ಮುಂಚೆ ಬಟ್ಟೇಲಿ ಒರೆಸ್ತಿದ್ದೆ.”

“ಹೇಳಬಹುದಿತ್ತು.”

“ಹೇಳಬಹುದಿತ್ತು,” ಎಂದರು ಊರ್ಮಿಳಾ.

ವೆಂಕಟಸುಬ್ಬಯ್ಯ ಬೇಳೆ ಅಂಟಿದ್ದ ತಟ್ಟೆಯನ್ನು ಕೇಳಿ ತೆಗೆದುಕೊಂಡು ಮತ್ತೆ ನೋಡಿದರು. ಉಗುರಿನಿಂದ ತಟ್ಟಿದರೆ ಬೇಳೆ ಉದುರಿತು. “ಇದರ ತಪ್ಪು ಕಣ್ಣಿಗೆ ಕಾಣುತ್ತೆ. ಕಾಣೋ ತಪ್ಪನ್ನ ತಿದ್ದಬಹುದು. ಹಾಕೋ ಮುಂಚೆ ನೀರಲ್ಲಿ ಒಂದು ಸಲ ಅಲುಬಿದ್ರೆ ಸಾಕು,” ಎಂದರು. ತಟ್ಟೆಯನ್ನು ಕೆಳಗಿಟ್ಟು, “ನನ್ನ ಕಣ್ಣಿಗೇನೂ ಆಗಿಲ್ಲ. ಮಿಷಿನ್ನಿಂದ ತೆಗೆದ ಮೇಲೆ ಕಣ್ಣಿಗೆ ಕಾಣೋದನ್ನ ನಾನು ನೋಡ್ತೀನಿ. ಬೆರಳಿಗೆ ಸಿಗೋದನ್ನ ನೀನು ನೋಡು,” ಎಂದರು.

“ತುಂಬೋದು ಯಾರು ಮಾವ?”

“ಶ್ರೀಕರ್ ತುಂಬಲಿ. ನೋಡೋರು ತುಂಬಬಾರದು.”

ಒಳಗಿನಿಂದ ಶ್ರೀಕರ್ ಕೇಳಿಸಿಕೊಂಡಿದ್ದರು. “ಅಪ್ಪ, ದಿನಾ ರಾತ್ರಿ ನಾನಾ?”

“ದಿನಾ ರಾತ್ರಿ ಊಟ ಮಾಡ್ತೀಯಲ್ಲಪ್ಪ,” ಎಂದರು ಊರ್ಮಿಳಾ ಮಾವನಿಗಿಂತ ಮೊದಲೇ, ಅಮೂಲ್ಯಾ ಕೋಣೆಯಿಂದ ಚಪ್ಪಾಳೆ ತಟ್ಟಿದಳು. ವೆಂಕಟಸುಬ್ಬಯ್ಯ ನಗಲಿಲ್ಲ. ಆ ರಾತ್ರಿ ಊಟವಾದ ಮೇಲೆ ಅಭ್ಯಾಸಬಲದಿಂದ ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋದರು. ಸಿಂಕಿನ ಮುಂದೆ ಮಗ ನಿಂತಿದ್ದರು. ತಟ್ಟೆ ತೊಳೆದು ಹುಳಿ ಪಾತ್ರೆಗೆ ಬಂದಿದ್ದರು, ನೀರು ನೆಲಕ್ಕೆಲ್ಲ ಹಾರಿತ್ತು. ವೆಂಕಟಸುಬ್ಬಯ್ಯ ಹಿಂತಿರುಗಿ ಬಂದು ಟೀವಿಯ ಮುಂದೆ ಕೂತರು. ಸುದ್ದಿ ಮುಗಿದು ಅದೇ ಸುದ್ದಿ ಮತ್ತೆ ಶುರುವಾದರೂ ಎದ್ದು ಹೋಗಲಿಲ್ಲ.

ಸೋಮವಾರ ಸಂಜೆ ಮಗ, ಸೊಸೆ, ವೆಂಕಟಸುಬ್ಬಯ್ಯ ಮೂವರೂ ಮಾರತ್ತಹಳ್ಳಿಗೆ ಹೋದರು. ಚೀಲವಿಲ್ಲದೆ ಬಂದದ್ದನ್ನು ನೋಡಿ ಅಂಬರೀಶ್ ಮೊದಲು ಗಾಬರಿಯಾದ. ವೆಂಕಟಸುಬ್ಬಯ್ಯ ಯಂತ್ರದ ಕ್ರಮಸಂಖ್ಯೆಯನ್ನು ಬಿಲ್ಲಿನ ಜೊತೆ ತಾಳೆ ನೋಡಿದರು, ಉಪ್ಪು, ಪುಡಿ, ಕೆಳಗಿಡುವ ಸ್ಟ್ಯಾಂಡು ಸೇರಿ ನಲವತ್ತು ಸಾವಿರ ದಾಟುವುದಿಲ್ಲ ಎಂದು ಬರೆಸಿಕೊಂಡರು. ಬಳಸುವ ಕ್ರಮವನ್ನು ಕಂಪನಿಯವರು ಮನೆಗೆ ಬಂದು ಒಬ್ಬರಿಗೆ ಹೇಳಿಕೊಡುತ್ತಾರೆ. ಅರ್ಜಿಯಲ್ಲಿ ಕಲಿಯುವವರ ಹೆಸರು ಬೇಕಿತ್ತು.

“ನಿಮ್ಮ ಹೆಸರೇ ಬರೀಲಾ ಸಾರ್?”

“ಬೇಡ. ಶ್ರೀಕರ್ ಅಂತ ಬರಿ.”

ಬುಧವಾರ ಪ್ಲಂಬರ್ ಮುನಿಯಣ್ಣ ಬಂದು, ಸಿಂಕಿನ ಕೆಳಗಿನ ಪೈಪಿಗೆ ಎರಡನೇ ನಲ್ಲಿ ಕೂರಿಸಿ, ಕೊಳೆನೀರು ಹೋಗಲು ಗೋಡೆಯಲ್ಲಿ ದಾರಿ ಮಾಡುತ್ತಾರೆ. ಯಂತ್ರ ಗುರುವಾರ ಬೆಳಿಗ್ಗೆ ಹತ್ತರಿಂದ ಒಂದರೊಳಗೆ ಬರುತ್ತದೆ. ಆ ಹೊತ್ತಿಗೆ ಮಗ ವೈಟ್‌ಫೀಲ್ಡಿನಲ್ಲಿ, ಸೊಸೆ ಶಾಲೆಯಲ್ಲಿ ಇರುತ್ತಾರೆ. ಬಾಗಿಲು ತೆಗೆಯಲು ವೆಂಕಟಸುಬ್ಬಯ್ಯ ಮನೆಯಲ್ಲಿರುತ್ತಾರೆ.